ಜಾಳಿ ಇಲ್ಲದ ಯಂತ್ರಕ್ಕೆ ಕುಂಕುಮ

ಆ ವರ್ಷ ಆಯುಧಪೂಜೆಯ ದಿನ ಐಸ್ ಫ್ಯಾಕ್ಟರಿಯ ಯಂತ್ರವನ್ನು ದೇವಿಯೇ ತಡೆದಳು ಎಂದು ಅಂಕೋಲೆ ಬಳಿಯ ನಮ್ಮೂರು ಕೇಣಿಯಲ್ಲಿ ಈಗಲೂ ಹೇಳುತ್ತಾರೆ. ನನಗೆ ತಕರಾರಿದೆ. ತಡೆಯುವ ಮನಸ್ಸು ದೇವಿಗಿದ್ದರೆ ಹಿಂದಿನ ಬೇಸಿಗೆಯಲ್ಲೇ ತಡೆಯಬಹುದಿತ್ತು. ಆಗ ಅದೇ ಯಂತ್ರ ಒಬ್ಬನ ಎರಡು ಬೆರಳು ತಿಂದಿತ್ತು. ತಡೆದವಳು ನನ್ನ ಜತೆ ಕೂಲಿಗಿದ್ದ ಹದಿನೆಂಟರ ಹುಡುಗಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಅಂಕೋಲೆಯ ಕಾಲೇಜಿನಲ್ಲಿದ್ದೆ; ಕಾರವಾರದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಗರ್ವ ಇನ್ನೂ ಇಳಿದಿರಲಿಲ್ಲ. ದಸರೆ ರಜೆಗೆ ಈ ಕೆಲಸ. ಮಂಜುಗಡ್ಡೆಯ ದಿಮ್ಮಿಯನ್ನು ಯಂತ್ರದ ಬಾಯಿಗೆ ದೂಡಿದರೆ ಒಳಗಿನ ಹಲ್ಲುಗಳು ಪುಡಿ ಮಾಡುತ್ತವೆ. ಆ ಪುಡಿ ಮೀನಿನ ದೋಣಿಗಳಿಗೆ. ಬಾಯಿಯ ಮೇಲೆ ಕಬ್ಬಿಣದ ಜಾಳಿಯೊಂದು ಇರಬೇಕಿತ್ತು. ದೋಣಿಗಳು ಒಟ್ಟಿಗೆ ಬಂದಾಗ ಅದರಲ್ಲಿ ಐಸು ಸಿಕ್ಕಿ ತಡವಾಗುತ್ತದೆಂದು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಗೋಣಿಚೀಲ ಒಣಗುತ್ತಿತ್ತು.

ಹಬ್ಬದ ಮರುದಿನದಿಂದ ಯಂತ್ರದ ಬಾಯಿಗೆ ಆ ಹುಡುಗಿಯ ಪಾಳಿ ಎಂದಾಗ ನಾನೇ ಮೇಸ್ತ್ರಿಯ ಬಳಿ ಹೋಗಿ ವಾದಿಸಿದೆ. ಅಪಾಯದ ಯಂತ್ರಕ್ಕೆ ಮುಚ್ಚಳ ಇರಲೇಬೇಕು, ಹೊಸಬರಿಗೆ ಕಲಿಸದೆ ನಿಲ್ಲಿಸುವಂತಿಲ್ಲ, ಇದು ಕಾಯ್ದೆ ಎಂದೆ. ಮೇಸ್ತ್ರಿ ಕೇಳಿಸಿಕೊಂಡ, ಪಾಪ, ಪೂರ್ತಿ ಕೇಳಿಸಿಕೊಂಡ.

"ಕಾಯ್ದೆ ಎಲ್ಲಾ ಕಾರವಾರದಾಗೆ ಅದೆ ಮಾರಾಯಾ," ಎಂದ. "ಐಸು ಇಲ್ಲಿ ಬೇಕು."

ಅವಳು ನಕ್ಕಳು. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಕೆಲಸ ಬಿಡುವಂತಿರಲಿಲ್ಲ, ಕೈ ಕಳೆದುಕೊಳ್ಳುವಂತೆಯೂ ಇರಲಿಲ್ಲ.

ಪೂಜೆಯ ದಿನ ಯಂತ್ರ ತೊಳೆದು ಗೊಂಡೆಹೂವಿನ ಮಾಲೆ ಹಾಕಿದರು. ಮುಂದೆ ಯಂತ್ರದ ಬಾಯಲ್ಲಿ ಯಾರು ನಿಲ್ಲುವರೋ ಅವರೇ ಮೊದಲ ಕುಂಕುಮ ಹಚ್ಚುವುದು ಅಲ್ಲಿನ ಪದ್ಧತಿ. ಪೂಜೆಯಾಗದ ಯಂತ್ರವನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಧಣಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ತಟ್ಟೆ ಅವಳ ಕೈಗೆ ಬಂತು. ಅವಳು ಬೆರಳು ಅದ್ದಲಿಲ್ಲ.

"ಭಿನ್ನ ಆದ ಮೂರ್ತಿಗೆ ಪೂಜೆ ಮಾಡೂಕಿಲ್ಲ ಅಲ್ಲಾ, ಧಣೇರೆ?"

ಕುಂಕುಮ ಹಚ್ಚು ಅಂದರೆ ಈ ಹುಡುಗಿ ಪುರಾಣ ಓದ್ತದೆ ಎಂದು ಮೇಸ್ತ್ರಿ ಗೊಣಗಿದ.

"ಇದರ ಒಂದು ಅಂಗ ಗ್ವಾಡೆಗೆ ಒರಗಿ ಅದೆ," ಎಂದಳು. "ಅದು ಬರೂವರೆಗೆ ನಾ ಹಚ್ಚೂದಿಲ್ಲ."

ಚರ್ಚಾವೇದಿಕೆಯಲ್ಲಾದರೆ ಈ ವಾದವನ್ನು ನಾನು ಅರ್ಧ ನಿಮಿಷದಲ್ಲಿ ಕೆಡವುತ್ತಿದ್ದೆ: ಯಂತ್ರ ಮೂರ್ತಿಯಲ್ಲ, ಜಾಳಿ ಅಂಗವಲ್ಲ. ಅಲ್ಲಿ ನಾನೂ ಎಲ್ಲರಂತೆ ಗೋಡೆಯ ಕಡೆ ತಿರುಗಿ ನೋಡಿದೆ. ದೇವರೆದುರು ಅವಳು ಕೈಮುಗಿದದ್ದನ್ನೂ ನಾನು ಕಂಡವನಲ್ಲ. ಆದರೂ ತಟ್ಟೆಯಲ್ಲಿನ ದೀಪ ಅಲುಗದಷ್ಟು ನಿಶ್ಚಲವಾಗಿತ್ತು ಅವಳ ಕೈ.

ಬೆಳಗಾದರೆ ದೋಣಿಗಳಿಗೆ ಐಸು ಬೇಕು. ಧಣಿ ಕಾಯಿ ಕೆಳಗಿಟ್ಟರು. ಗೋಣಿಚೀಲ ಎತ್ತಿಸಿದರು. ಜಾಳಿ ಬಿಗಿಯಲು ಬೋಲ್ಟು ಸಿಗದೆ, ಯಾರೋ ದೋಣಿಯ ಎಂಜಿನ್ ಪೆಟ್ಟಿಗೆಯಲ್ಲಿ ಹುಡುಕಿ ತಂದರು. ಜಾಳಿ ಕೂತ ಮೇಲೆ ಅವಳು ಕುಂಕುಮ ಹಚ್ಚಿದಳು, ಜಾಳಿಗೇ ಮೊದಲು. ದೇವಿಯ ಕತೆ ಶುರು ಮಾಡಿದವರು ಧಣಿಯೇ. ಕೂಲಿಯ ಹುಡುಗಿಯ ಮಾತು ಕೇಳಿದೆ ಎನ್ನುವುದಕ್ಕಿಂತ ಅದು ಸಲೀಸು.

ಸಂಜೆ ಪ್ರಸಾದದ ಅವಲಕ್ಕಿ ತಿನ್ನುತ್ತ ಇಬ್ಬರೂ ಮನೆಯತ್ತ ನಡೆದೆವು. ನನಗೆ ಒಂದೇ ಸಂಶಯ ಉಳಿದಿತ್ತು, ಕೇಳಿಯೇಬಿಟ್ಟೆ.

"ಧಣಿ ನಿನ್ನ ಕೈಯಿಂದ ತಟ್ಟೆ ಕಸಿದು ನನ್ನ ಕೈಗೆ ಕೊಟ್ಟಿದ್ರೆ? ನಾನೂ ಹಚ್ಚೂದಿಲ್ಲ ಅಂತ ನಂಬಿದ್ಯಾ ನೀನು?"