ಅಟ್ಟದ ಏಣಿ ತೆಗೆದವಳು

ಗಿರಿಜಾ, ಆ ದಿನ ಅಟ್ಟದ ಏಣಿ ತೆಗೆದದ್ದು ರಂಗಪ್ಪ ಅಲ್ಲ, ನಾನು. ಮರೆತು ತೆಗೆದದ್ದಲ್ಲ, ಕೆಲಸಕ್ಕೆ ಬೇಕಾಗಿ ತೆಗೆದದ್ದೂ ಅಲ್ಲ. ನೀನು ಮೇಲಿದ್ದೀಯ ಎಂದು ಗೊತ್ತಿದ್ದೇ ತೆಗೆದೆ. ನಿನ್ನ ಪರೀಕ್ಷೆ ತಪ್ಪಿದ್ದು ನನ್ನಿಂದ, ನಿನ್ನ ಹಣೆಬರಹದಿಂದ ಅಲ್ಲ.

ಇದನ್ನು ಕಾಗದದ ಮೊದಲಿಗೇ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ಹೋದರೆ ನನ್ನ ನಾಲಿಗೆ ಎಲ್ಲೋ ಒಂದು ಕಡೆ ತಪ್ಪಿಸಿಕೊಳ್ಳುತ್ತದೆ — ಅದರ ಬುದ್ಧಿ ನನಗೆ ಗೊತ್ತು.

ನೀನು ಈ ಮನೆಗೆ ಸೊಸೆಯಾಗಿ ಬಂದಾಗ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಉಳಿದುಕೊಂಡಿತ್ತು. ಅದನ್ನು ನಾನು ಬಂದವರ ಮುಂದೆಲ್ಲ ಆಡಿದೆ. "ನಮ್ ಸೊಸೆ ಎಲ್ಲಾದ್ರಲ್ಲೂ ಪಾಸು ಕಣ್ರೀ, ಇಂಗ್ಲಿಷ್‌ನಲ್ಲಿ ಮಾತ್ರ ಮಕಾಡೆ ಮಲಗ್ಬುಟ್ಟವ್ಳೆ" ಎಂದು ನಗುತ್ತಿದ್ದೆ. ನೀನೂ ನಗುತ್ತಿದ್ದೆ. ಹಾಗಿರುವಾಗ ಮತ್ತೆ ಪರೀಕ್ಷೆಗೆ ಕಟ್ಟಿದ್ದೇನೆ ಎಂದು ನನಗೆ ಹೇಗೆ ಹೇಳುತ್ತಿದ್ದೆ? ಹೇಳಲಿಲ್ಲ. ಊರಿನ ಅಂಗನವಾಡಿಗೆ ಟೀಚರನ್ನು ತೆಗೆದುಕೊಳ್ಳುತ್ತಾರೆ, ಆ ಒಂದು ಇಂಗ್ಲಿಷ್ ಮುಗಿದರೆ ಅರ್ಜಿ ಹಾಕಬಹುದು ಎಂಬ ಆಸೆಯನ್ನು ನೀನು ಗಂಡ ಮಹೇಶನಿಗೂ ಹೇಳಲಿಲ್ಲ. ಪಾಸಾದ ಮೇಲೆ ಹೇಳೋಣ ಎಂದಿದ್ದೆಯಂತೆ.

ನನಗೆ ಕಂಡದ್ದು ಬೇರೆ. ಸೊಸೆ ದಿನಾ ಮಧ್ಯಾಹ್ನ ಅಟ್ಟ ಹತ್ತುತ್ತಾಳೆ.

ನಮ್ಮ ಸೀಮೆಯಲ್ಲಿ ಕೊಬ್ಬರಿ ಅಟ್ಟಕ್ಕೆ ಯಾರು ದಿನಾ ಹತ್ತುತ್ತಾರೆ? ಕಾಯಿ ಹಾಕಿದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿದ ಸದ್ದು ಬರಬೇಕು. ಅಲ್ಲಿಯವರೆಗೆ ಅಲ್ಲಿ ಇಲಿಗೆ ಬಿಟ್ಟರೆ ಇನ್ನೊಬ್ಬರಿಗೆ ಕೆಲಸವಿಲ್ಲ. ನೀನು ಮಾತ್ರ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಸೊಂಟಕ್ಕೆ ಮೊಬೈಲು ಸಿಕ್ಕಿಸಿಕೊಂಡು ಹತ್ತುತ್ತಿದ್ದೆ. ಕೇಳಿದರೆ, "ಇಲ್ಲಿ ಕೆಳಗೆ ನೆಟ್‌ವರ್ಕ್ ಸಿಗಲ್ಲ ಅತ್ತೆ, ಅವ್ವನ ಹತ್ರ ಮಾತಾಡ್ತೀನಿ" ಅಂದೆ.

ಅವ್ವನ ಹತ್ತಿರ ಯಾರಾದರೂ ಇಂಗ್ಲಿಷ್ ಮಾತಾಡುತ್ತಾರಾ?

ಅಟ್ಟಕ್ಕೆ ಹಾಸಿರುವುದು ಸೀಳಿದ ಮರದ ದಬ್ಬೆ. ಕಾಯಿಗೆ ಗಾಳಿಯಾಡಲಿ ಎಂದು ಸಂದು ಬಿಟ್ಟಿರುತ್ತಾರೆ. ಕೆಳಗೆ ಕುಳಿತರೆ ಮೇಲಿನ ಪಿಸುಮಾತೂ ಕೇಳುತ್ತದೆ. ನಾನು ಅವರೆಕಾಯಿ ಬಿಡಿಸುವ ಮೊರ ಹಿಡಿದುಕೊಂಡು ಅಲ್ಲೇ ಕೂರಲು ಶುರುಮಾಡಿದೆ. ಮೊದಲು ಒಂದು ಗಂಡು ದನಿ. ಅದು ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಆಮೇಲೆ ನಿನ್ನ ದನಿ — ಮೆತ್ತಗೆ, ತಪ್ಪಿದರೆ ನಕ್ಕು, ಮತ್ತೆ. ನನಗೆ ಇಂಗ್ಲಿಷ್ ಬಾರದು. ಆದರೆ ಬಸ್ಸು, ಆಸ್ಪತ್ರೆ, ಬ್ಯಾಂಕು ಎಂದು ಓಡಾಡಿದವಳಿಗೆ ನಾಲ್ಕು ಮಾತು ತಿಳಿಯುತ್ತದೆ. ಕಮ್ ಗೊತ್ತು, ಗೋ ಗೊತ್ತು, ವೇಟಿಂಗ್ ಗೊತ್ತು. "ಐ ಆಮ್ ವೇಟಿಂಗ್" ಅಂದೆ. "ಐ ವಾಸ್ ವೇಟಿಂಗ್" ಅಂದೆ. "ಐ ವಿಲ್ ಬಿ ವೇಟಿಂಗ್" ಅಂದೆ. ಯಾರಿಗೋ ಕಾಯುತ್ತಿದ್ದಾಳೆ — ನನಗೆ ಅಷ್ಟು ಸಾಕಾಯಿತು.

ಆಮೇಲೆ ನೋಡಿದ್ದೆಲ್ಲ ಅದಕ್ಕೇ ಕೂಡಿಕೊಂಡಿತು. ನೀನು ಒಲೆಯ ಮುಂದೆ ತುಟಿ ಅಲ್ಲಾಡಿಸುತ್ತಿದ್ದೆ. ಅವನನ್ನೇ ನೆನೆಯುತ್ತಾಳೆ ಅಂದುಕೊಂಡೆ. ಮೊಬೈಲನ್ನು ದಿಂಬಿನ ಕೆಳಗೆ ಇಡುತ್ತಿದ್ದೆ. ಹೂಂ, ಯಾಕೆ ಇಡಬಾರದು ಅಂದುಕೊಂಡೆ. ಕೊಬ್ಬರಿ ತೂಕಕ್ಕೆ ಬರುವ ಹುಡುಗನಿಗೆ ನೀರು ಕೊಟ್ಟರೆ ಅವನ ಮುಖ ನೋಡಿದೆ, ಹಾಲಿನ ಡೇರಿಯವನು "ಚೆನ್ನಾಗಿದ್ದೀರಾ ಅಕ್ಕ" ಅಂದರೆ ಅವನ ಮುಖ ನೋಡಿದೆ. ಯಾರ ದನಿಯೂ ಅಟ್ಟದ ದನಿಗೆ ಹೊಂದಲಿಲ್ಲ. ಹೊಂದಲಿಲ್ಲ ಎಂದು ಬಿಡಲಿಲ್ಲ ನಾನು. ಊರಿನವನಲ್ಲ, ಹೊರಗಿನವನು ಎಂದು ತೀರ್ಮಾನ ಮಾಡಿದೆ.

ಆ ಬೆಳಿಗ್ಗೆ ಮಹೇಶ ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದ. ನೀನು ಹಸಿರು ಸೀರೆ ಉಟ್ಟು, ಹೂವು ಮುಡಿದು, "ತವರಿಗೆ ಹೋಗಿ ಸಾಯಂಕಾಲಕ್ಕೆ ಬತ್ತೀನಿ ಅತ್ತೆ" ಅಂದೆ. ಮೊದಲು ಅಟ್ಟ ಹತ್ತಿದೆ. ಹಾಲ್ ಟಿಕೆಟನ್ನು ಕಾಯಿ ಸಂದಿಯಲ್ಲಿ ಮುಚ್ಚಿಟ್ಟಿದ್ದೆಯಂತೆ, ನನಗೇನು ಗೊತ್ತು. ಹೊಸ ಸೀರೆ ಉಟ್ಟವಳು ಧೂಳಿನ ಅಟ್ಟಕ್ಕೆ ಹೋಗುತ್ತಾಳೆ, ಮೇಲೆ ಮತ್ತೆ ಆ ಗಂಡು ದನಿ — ಕೊನೇ ಸಲ ಒಂದಿಷ್ಟು ಕೇಳಿಕೊಳ್ಳೋಣ ಎಂದು ನೀನು ಮೊಬೈಲಿನಲ್ಲಿ ಹಾಕಿಕೊಂಡಿದ್ದು.

ಏಣಿ ಎತ್ತಿದೆ. ನಮ್ಮ ಮನೆಗೆ ಇದ್ದದ್ದು ಅದೊಂದೇ, ಒಳಗಿನ ಅಟ್ಟಕ್ಕೂ ಹಿತ್ತಲಿನ ಅಟ್ಟಕ್ಕೂ. ಹಿತ್ತಲಿಗೆ ಎಳೆದುಕೊಂಡು ಹೋದರೆ ಕಾಯಿ ಸುಲಿಯಲು ಬಂದಿದ್ದ ರಂಗಪ್ಪ ಎದ್ದು ನಿಂತ.

"ಯಾಕವ್ವ ನೀವು ಹೊತ್ಕಂಡ್ ಬಂದ್ರಿ? ಕೂಗಿದ್ರೆ ನಾನು ತತ್ತಿರ್ಲಿಲ್ವಾ?"

"ನಂಗೇನು ಕೈ ಬಿದ್ದೋಗಿಲ್ಲ ಕಣಪ್ಪ. ಹಿತ್ಲು ಅಟ್ಟದ ಕಾಯಿ ಇಳ್ಸು, ಬಿರ್ರನೆ."

ಅವನು ಹತ್ತಿ ಕಾಯಿ ಉರುಳಿಸತೊಡಗಿದ. ಒಣಗಿದ ಕಾಯಿ ನೆಲಕ್ಕೆ ಬಿದ್ದರೆ ಎಂಥ ಸದ್ದು ಎಂದು ನಿನಗೆ ಹೇಳಬೇಕಾಗಿಲ್ಲ. ಆ ಸದ್ದಿನಲ್ಲಿ ನೀನು ಕೂಗಿದ್ದು ಅವನಿಗೆ ಕೇಳಲಿಲ್ಲ. ನನಗೆ ಕೇಳಿತು. "ಅತ್ತೆ, ಏಣಿ! ಅತ್ತೆ, ಬಸ್ಸು ಹೋಗ್ತದೆ!" ನಾನು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತಿದ್ದೆ. ಅದರ ಮೈ ಸವರುತ್ತಿದ್ದೆ. ಮಹೇಶನಿಗೆ ನೀನು ಫೋನು ಮಾಡುತ್ತಲೇ ಇದ್ದೆಯಂತೆ. ಕೊಬ್ಬರಿ ಹರಾಜಿನ ಗಲಾಟೆಯಲ್ಲಿ ಅವನು ಎತ್ತಲಿಲ್ಲ.

ಕೊನೆಗೆ ನೀನು ತೊಲೆ ಹಿಡಿದು ಜೋತುಬಿದ್ದು ಹಾರಿದೆ. ಕಾಲು ಉಳುಕಿತು. ಕುಂಟಿಕೊಂಡೇ ಬಿಳಿಗೆರೆ ರಸ್ತೆಗೆ ಓಡಿದೆ. ನಾನು ಕೊಟ್ಟಿಗೆಯ ಕಿಂಡಿಯಿಂದ ನೋಡಿದೆ — ಓಡುವವಳನ್ನು ನೋಡಿ ಆಗಲೂ ನಾನು ಅಂದುಕೊಂಡದ್ದು, ನೋಡು ಎಷ್ಟು ಆತುರ ಎಂದು.

ಮಧ್ಯಾಹ್ನಕ್ಕೇ ನೀನು ವಾಪಸ್ಸು ಬಂದೆ. ಪರೀಕ್ಷೆ ನಡೆಯುವ ಸ್ಕೂಲಿನ ಗೇಟು ಹಾಕಿದ್ದರಂತೆ. ಜಗಲಿಯ ಮೇಲೆ ಕೂತು ಎಲ್ಲವನ್ನೂ ನೀನೇ ಹೇಳಿದೆ, ಮಹೇಶ ಬಂದ ಮೇಲೆ ಅವನಿಗೂ. ಮೊಬೈಲು ತೆಗೆದು ಆ ಗಂಡು ದನಿಯನ್ನು ನಮ್ಮ ಮುಂದೆ ಹಾಕಿದೆ. ಕನ್ನಡಕದ ಒಬ್ಬ ಮೇಷ್ಟರು ಕರಿ ಹಲಗೆಯ ಮುಂದೆ ನಿಂತು, ನಿನ್ನೆ ನಡೆದದ್ದಕ್ಕೆ ಹೀಗೆ, ಈಗ ನಡೆಯುತ್ತಿರುವುದಕ್ಕೆ ಹೀಗೆ, ನಾಳೆಗೆ ಹೀಗೆ ಎಂದು ಪಾಠ ಮಾಡುತ್ತಿದ್ದರು. ಒಂದೊಂದು ಸಾಲು ಹೇಳಿ, ಓದುವವರು ಹೇಳಲಿ ಎಂದು ಸುಮ್ಮನಾಗುತ್ತಿದ್ದರು.

ಮಹೇಶ ಕೇಳಿದ: "ಏಣಿ ಯಾರವ್ವ ತೆಗ್ದಿದ್ದು?"

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು ಇದು: "ಇನ್ಯಾರು ತೆಗೀತಾರೆ? ಆ ರಂಗ ಹಿತ್ಲಿಗೆ ತಗಂಡೋಗವ್ನೆ. ಮೇಲೆ ಜನ ಅವ್ರಾ ಇಲ್ವಾ ಅಂತ ನೋಡೋ ಗ್ಯಾನ ಐತಾ ಅವನಿಗೆ?"

ನೀನು ನನ್ನ ಕಡೆ ತಿರುಗಿದೆ. "ನಾನು ಅಷ್ಟು ಕೂಗ್ದೆ. ನಿಮಗೆ ಕೇಳಿಸ್ಲೇ ಇಲ್ವಾ ಅತ್ತೆ?"

"ಕಾಯಿ ಸದ್ದಲ್ಲಿ ಏನ್ ಕೇಳ್ತದೆ ಕಣೇ."

ನೀನು ನಂಬಿದೆ. ಅಂಗನವಾಡಿಗೆ ಬೇರೆ ಊರಿನವಳು ಬಂದಳು. ನೀನು ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. "ನನ್ನ ಹಣೇಲಿ ಇರ್ಲಿಲ್ಲ ಬುಡಿ" ಅಂದೆ.

ಇಲ್ಲಿಗೇ ನಿಲ್ಲಿಸಿದರೆ ಇದು ದಡ್ಡ ಮುದುಕಿ ಅನುಮಾನಪಟ್ಟ ಕಥೆಯಾಗುತ್ತದೆ. ಅಷ್ಟೇ ಆಗಿದ್ದರೆ ಇಷ್ಟು ವರ್ಷ ನಾನು ಮುಚ್ಚಿಡುತ್ತಿರಲಿಲ್ಲ. ಆಗ ಒಂದನೇ ಕ್ಲಾಸಿನಲ್ಲಿದ್ದ ನಿನ್ನ ಮಗಳು ಈ ಸಲ ಹತ್ತನೇ ಕ್ಲಾಸು. ಸಾಯಂಕಾಲ ಅವಳನ್ನು ಕೂರಿಸಿಕೊಂಡು ಅದೇ ಸಾಲುಗಳನ್ನು ಹೇಳಿಸುತ್ತೀಯಲ್ಲ — ಅವಳು ತಪ್ಪಿದರೆ ಪುಸ್ತಕ ನೋಡದೆ ತಿದ್ದುತ್ತೀಯಲ್ಲ — ಕೇಳುತ್ತ ಕೇಳುತ್ತ ನನ್ನನ್ನೇ ನಾನು ಅನುಮಾನಿಸತೊಡಗಿದೆ. ಒಲಿದವನು ಒಂದೇ ಮಾತನ್ನು ದಿನಾ ಅದೇ ರಾಗದಲ್ಲಿ ಹೇಳುತ್ತಾನಾ? ಉತ್ತರಕ್ಕೆ ಕಾದು, ಉತ್ತರ ಏನೇ ಬಂದರೂ ಮುಂದಿನದಕ್ಕೆ ಹೋಗುತ್ತಾನಾ? ನಾನೂ ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸಿದವಳು. ಓದುವ ದನಿ ಯಾವುದು, ಸರಸದ ದನಿ ಯಾವುದು ಎಂದು ತಿಳಿಯದಷ್ಟು ಮಂಕಲ್ಲ ನಾನು. ಇದು ಪಾಠ ಎಂದು ನನ್ನೊಳಗೆ ಎಲ್ಲೋ ಅರ್ಧ ಗೊತ್ತಾಗಿತ್ತು, ಗಿರಿಜಾ. ಆ ಅರ್ಧವನ್ನು ಅದುಮಿದೆ. ಸೊಸೆ ಪಾಸಾದರೆ ಕೆಲಸಕ್ಕೆ ಹೋಗುತ್ತಾಳೆ, ಮನೆಯಲ್ಲಿ ಅವಳ ಮಾತು ನಡೆಯುತ್ತದೆ, ನಾನು ಯಾರನ್ನು ನೋಡಿ ನಗಲಿ... ಓದುವವಳನ್ನು ತಡೆದರೆ ನಾನು ಕೆಟ್ಟವಳು, ಓಡಿಹೋಗುವವಳನ್ನು ತಡೆದರೆ ಒಳ್ಳೆಯವಳು. ಅದಕ್ಕೇ ಆ ಗಂಡಸು ನನಗೆ ಬೇಕಾಗಿದ್ದ.

ಇದನ್ನು ಮಹೇಶನಿಗೂ ಓದಿ ಹೇಳು. ರಂಗಪ್ಪನ ಮನೆಗೆ ನಾನೇ ಹೋಗುತ್ತೇನೆ. ನೀನು ಏನಂದರೂ ಅನ್ನಿಸಿಕೊಳ್ಳುತ್ತೇನೆ, ಏನೂ ಅನ್ನದಿದ್ದರೆ ಅದನ್ನೂ.

ಇನ್ನೊಂದು ಉಳಿದಿದೆ, ಮಾರನೇ ಬೆಳಿಗ್ಗೆಯದು.

ರಂಗಪ್ಪ ಎಂದಿನಂತೆ ಸುಲಿಯಲು ಬಂದ. ಮಹೇಶ ಅಂಗಳದಲ್ಲೇ ಹಿಡಿದು ಬೈದ. ರಂಗಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ನನ್ನ ಕಡೆ ನೋಡಿದ. ನಾನು ಏನಾದರೂ ಹೇಳುತ್ತೇನೆಂದು ಕಾದ. ನಾನು ಕಂಬಕ್ಕೊರಗಿ ಕೂತಿದ್ದೆ. ಆಮೇಲೆ ಅವನೇ, "ಆಯ್ತು ಬುಡಿ ಮಹೇಶಣ್ಣ, ನಂಗೆ ಗ್ಯಾನ ಇರ್ಲಿಲ್ಲ" ಅಂದ. ನೀನು ಬಾತ ಕಾಲನ್ನು ಎಳೆಯುತ್ತ ತಟ್ಟೆಯಲ್ಲಿ ಕಾಫಿ ತಂದು ಅವನಿಗೆ ಒಂದು ಲೋಟ ಕೊಟ್ಟೆ. "ಹೋಗ್ಲಿ ಬಿಡು ರಂಗಣ್ಣ, ಬೇಕೂಂತ ಮಾಡಿದ್ದಲ್ವಲ್ಲ" ಅಂದೆ.

ಇನ್ನೊಂದು ಲೋಟ ನನಗೆ ಕೊಟ್ಟೆ. ನಾನು ಕುಡಿದೆ.