ಗಾಡಿಗಳಿಲ್ಲದ ಭಾನುವಾರ, ಒಂದು ಪುಕ್ಕದ ಮೀನು

ಸಯನ್‌ನ ನಮ್ಮ ಬಿಲ್ಡಿಂಗು ರೈಲು ಹಳಿಗೆ ಅಂಟಿಕೊಂಡೇ ಇದೆ. ಲೋಕಲ್ ಹೋದಾಗಲೆಲ್ಲ ಕಪಾಟಿನ ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತವೆ, ದೇವರ ದೀಪದ ಎಣ್ಣೆ ನಡುಗುತ್ತದೆ. ಮದುವೆಯಾಗಿ ಧಾರವಾಡದಿಂದ ಬಂದ ಹೊಸತರಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಈಗ ಗಾಡಿಯ ಸದ್ದು ನಿಂತರೆ ಎಚ್ಚರವಾಗುತ್ತದೆ.

ನನ್ನ ಗಂಡ ಊಟದ ಮೇಜಿನ ಅಂಚಿಗೆ ಪುಟ್ಟ ಇಕ್ಕಳವೊಂದನ್ನು ಬಿಗಿದು, ಅದರ ಬಾಯಿಗೆ ಉದ್ದನೆಯ ಗಾಳ ಕಚ್ಚಿಸಿ, ಸ್ಟ್ರೀಮರ್ ಕಟ್ಟುತ್ತಾರೆ. ಪುಕ್ಕ, ಕೂದಲು, ನೂಲುಗಳಿಂದ ಗಾಳದ ಮೇಲೆಯೇ ಕಟ್ಟುವ ಮರಿಮೀನು ಅದು. ನೀರಿನಲ್ಲಿ ಎಳೆದಾಗ ದೊಡ್ಡ ಮೀನು ನಿಜವೆಂದು ನಂಬಿ ಬಾಯಿ ಹಾಕಬೇಕು. ನಾವು ಮೀನು ತಿನ್ನುವವರಲ್ಲ. ಹಿಡಿದದ್ದನ್ನು ಅವರು ಕೆರೆಗೇ ಬಿಟ್ಟು ಬರುತ್ತಾರೆ. "ಬಿಡೋದಾದ್ರ ಹಿಡಿಯೋದ್ಯಾಕ?" ಎಂದು ಕೇಳುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಕೋಳಿ ಅಂಗಡಿಯ ಮುಂದೆ ನಿಂತು ಬರೀ ಪುಕ್ಕ ಆರಿಸಿಕೊಂಡು ಬರುವ ಗಿರಾಕಿ ಇವರೊಬ್ಬರೇ ಇರಬೇಕು.

ಕಳೆದ ಮಳೆಗಾಲದಿಂದ ಆ ಮೀನುಗಳ ರೆಕ್ಕೆ ಸೊಟ್ಟಗಾಗತೊಡಗಿತು. "ಥೂ, ಗಾಡಿ ಹೋತಲ್ಲ, ಅಳ್ಳಾಡಿಬಿಡ್ತು," ಎನ್ನುತ್ತಿದ್ದರು. ಗಾಡಿ ಹೋಗಿದ್ದೂ ನಿಜವೇ. ಇಲ್ಲಿ ಯಾವ ತಪ್ಪಿಗೂ ಒಂದು ಗಾಡಿ ಸಿಕ್ಕೇ ಸಿಗುತ್ತದೆ. ಆದರೆ ಹಳಿಯಿಂದ ಬಹಳ ದೂರದಲ್ಲಿರುವ ಬೊರಿವಲಿಯ ನನ್ನ ತಂಗಿಯ ಮನೆಯಲ್ಲೂ ಇವರ ಕೈಯಲ್ಲಿದ್ದ ಚಹಾದ ಕಪ್ ಬಸಿಯ ಮೇಲೆ ಟಕಟಕ ಎಂದಿತು. ತಂಗಿ ನನ್ನ ಮುಖ ನೋಡಿದಳು.

"ಮೆಟ್ರೋ ಕೆಲಸ ನಡದದ ಕೆಳಗ," ಎಂದರು ಇವರು.

ಮಾವನವರಿಗೂ ನಡುಕ ಬಲಗೈಯಿಂದಲೇ ಶುರುವಾದದ್ದು. ಕೊನೆಕೊನೆಗೆ ಅನ್ನ ಕಲಸಲೂ ಬರುತ್ತಿರಲಿಲ್ಲ. ತುತ್ತು ಕಟ್ಟಿ ಬಾಯಿಗಿಡುತ್ತಿದ್ದವಳು ನಾನೇ. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಡಾಕ್ಟರ ಹೆಸರು ತೆಗೆದರೆ ಸಾಕು, "ಸುಮ್ಕಿರು, ಕೈ ಗಟ್ಟಿ ಅದ. ಬಿಲ್ಡಿಂಗ್ ಅಲುಗ್ತದ."

ಸೇತುವೆಯ ಕೆಲಸಕ್ಕೆಂದು ಭಾನುವಾರ ಮಧ್ಯಾಹ್ನದವರೆಗೆ ಎಲ್ಲ ಹಳಿಗಳೂ ಬಂದ್ ಎಂದು ಸ್ಟೇಶನ್‌ನಲ್ಲಿ ಬೋರ್ಡು ನೋಡಿ ಬಂದವಳು ನಾನೇ ಬಾಯಿಬಿಟ್ಟೆ.

"ರವಿವಾರ ಮೆಗಾಬ್ಲಾಕ್. ಒಂದು ಗಾಡೀನೂ ಇಲ್ಲ. ಅವತ್ತ ಕಟ್ರಿ. ರೆಕ್ಕಿ ನೆಟ್ಟಗ ಕುಂತ್ರ ನಾ ಮತ್ತ ಡಾಕ್ಟರ್ ಅನ್ನಂಗಿಲ್ಲ. ಕೂಡಲಿಲ್ಲ ಅಂದ್ರ ಸೋಮವಾರ ನನ್ನ ಜೋಡಿ ಬರಬೇಕು."

"ನನ್ನ ಜೋಡಿ ಶರ್ತು ಕಟ್ತೀಯೇನು?" ಎಂದು ನಕ್ಕರು. ನಗುತ್ತಲೇ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದರು.

ಭಾನುವಾರ ತಿಂಡಿಯಾದ ಮೇಲೆ ಕೂತರು. ನಾನು ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಇಕ್ಕಳದ ಪಕ್ಕ ಇಟ್ಟೆ.

"ಇದ್ಯಾಕ?"

"ಸಾಕ್ಷಿಗೆ."

"ವಕೀಲರ ಮನಿಯಾಗ ಹುಟ್ಟಬೇಕಿತ್ತು ನೀ."

ಮೆಂತ್ಯೆ ಸೊಪ್ಪು ಬಿಡಿಸುತ್ತಾ ಎದುರಿಗೆ ಕೂತೆ. ಕರಿ ನೂಲು ಗಾಳದ ಮೈಗೆ ಒತ್ತೊತ್ತಾಗಿ ಸುತ್ತಿಕೊಂಡಿತು. ಮೇಲೆ ಕೆಂಪು ರೇಷ್ಮೆ. ಅದರ ಮೇಲೆ ನನ್ನ ಹಳೆಯ ಸೀರೆಯ ಅಂಚಿನಿಂದ ಬಿಚ್ಚಿದ ಜರಿ, ಮೀನಿನ ಹೊಳಪಿಗೆ. ಹೊಟ್ಟೆಯ ಕೆಳಗೆ ಬಿಳಿ ಆಡಿನ ಕೂದಲು. ಒಂದೊಂದೂ ಸರಿಯಾಗಿ ಕೂತಿತು. ಶರ್ತು ಕಟ್ಟಿದವಳಿಗೆ ಈಗ ಸೋಲಬೇಕು ಅನಿಸುತ್ತಿತ್ತು. ದೇವರೇ, ನಿಜವಾಗಿಯೂ ಗಾಡಿಯದೇ ಆಗಿರಲಿ.

ಉಳಿದದ್ದು ರೆಕ್ಕೆ. ನಾಲ್ಕು ಬೂದು ಪುಕ್ಕಗಳನ್ನು ಜೋಡಿಸಿ ಎಡಗೈಯ ಎರಡು ಬೆರಳಲ್ಲಿ ಗಾಳದ ಕತ್ತಿನ ಮೇಲೆ ಹಿಡಿಯಬೇಕು. ಬಲಗೈಯಿಂದ ನೂಲನ್ನು ಸಡಿಲವಾಗಿ ಮೇಲೆ ತಂದು ಒಮ್ಮೆಲೇ ಕೆಳಗೆಳೆಯಬೇಕು. ನೂಲು ಅತ್ತಿತ್ತ ತಾಗಿದರೆ ಪುಕ್ಕ ಹೊರಳುತ್ತದೆ.

ಹೊರಳಿತು. ಬಿಚ್ಚಿದರು. ಕೈಯನ್ನು ಲುಂಗಿಗೆ ಒರೆಸಿಕೊಂಡರು. ಮತ್ತೆ ಪುಕ್ಕ ಹಿಡಿದು ನೂಲಿನ ಉರುಳೆ ಎತ್ತಿದರು. ಉರುಳೆ ಗಾಳಿಯಲ್ಲೇ ನಿಂತು ಸಣ್ಣಗೆ, ಬಿಡದೆ ಕುಣಿಯುತ್ತಿತ್ತು. ನಾನು ಸೊಪ್ಪು ಕೆಳಗಿಟ್ಟೆ. ಲೋಟದ ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ.

ಅವರೂ ಲೋಟವನ್ನೇ ನೋಡುತ್ತಿದ್ದರು.

"ಗಾಡಿ ಬಂತೇನು?" ಎಂದು ಕೇಳಿದರು, ನನ್ನ ಕಡೆ ತಿರುಗದೆ.

ಕಿಟಕಿಯಾಚೆ ಹಳಿಗಳು ಖಾಲಿ ಬಿದ್ದಿದ್ದವು. ಹೂಂ ಅಂದುಬಿಟ್ಟರೆ ಇವತ್ತಿನ ಮಟ್ಟಿಗೆ ಮುಗಿಯುತ್ತಿತ್ತು.

"ಇಲ್ಲರೀ."

"ಒಂದು ಸುಳ್ಳು ಹೇಳಾಕ ಬರಂಗಿಲ್ಲ ನಿನಗ."

"ಹೇಳಿದ್ರ ನೀವು ನಂಬ್ತಿದ್ರೇನು?"

ಉರುಳೆ ಕೆಳಗಿಳಿಯಿತು. ಎಡಗೈಯ ಪುಕ್ಕಗಳನ್ನು ಮಾತ್ರ ಅವರು ಬಿಟ್ಟಿರಲಿಲ್ಲ. "ಕೈ ತೊಳಕೊಂಡು ಬಾ. ನೂಲು ನೀ ಸುತ್ತು," ಎಂದರು.

ತೊಳೆದರೂ ಬೆರಳಿಗೆ ಮೆಂತ್ಯೆಯ ವಾಸನೆ. "ಸಡಿಲ ತಗೊಂಡು ಬಾ. ಹಾಂ. ಈಗ ಕೆಳಗ ಎಳಿ. ಅಯ್ಯ, ಮೆಲ್ಲಕ! ಸೀರಿಗೆ ಫಾಲ್ ಹಚ್ಚಲಿಕ್ಕತ್ತೀಯೇನು?"

ನಾನು ಮತ್ತೆರಡು ಸುತ್ತು ಸುತ್ತಿದೆ. ಅವರು ಬೆರಳು ತೆಗೆದರು. ರೆಕ್ಕೆ ಬೆನ್ನಿನುದ್ದಕ್ಕೂ ನೆಟ್ಟಗೆ ಕೂತಿತ್ತು. ಮೀನಿನ ತಲೆಗೆ ನನ್ನ ನೇಲ್ ಪಾಲಿಶ್ ಹಚ್ಚಿ ಒಣಗಲು ಬಿಟ್ಟೆವು.

"ಕುಂತದ ನೋಡು. ಶರ್ತು ನಾ ಗೆದ್ದಂಗಾತು," ಎಂದರು.

"ಗೆದ್ರಿ ಬಿಡ್ರಿ," ಎಂದೆ. ಇಷ್ಟು ಹೇಳಿ ಇವರು ಎದ್ದುಹೋದರೆ ಏನು ಮಾಡುವುದು? ಎದ್ದು ಪಲ್ಯಕ್ಕೆ ಒಗ್ಗರಣೆ ಹಾಕಿದೆ.

ಊಟಕ್ಕೆ ಕೂತಾಗ ಬ್ಲಾಕ್ ಮುಗಿದು ಮೊದಲ ಲೋಕಲ್ ಬಂತು. ಲೋಟಗಳು ಕಿಣಿಗುಟ್ಟಿದವು, ಸಾಕ್ಷಿಯ ನೀರು ನಡುಗಿತು, ಒಣಗುತ್ತಿದ್ದ ಮೀನು ಬಾಲ ಅಲ್ಲಾಡಿಸಿತು. ಗಾಡಿ ದಾಟಿ ಹೋಗಿ ಎಲ್ಲವೂ ಸುಮ್ಮನಾಗುವವರೆಗೆ ಅವರು ಕಾದರು. ಆಮೇಲೂ ನಿಲ್ಲದ ಬಲಗೈಯನ್ನು ತಟ್ಟೆಯ ಪಕ್ಕ, ನನಗೆ ಕಾಣುವ ಹಾಗೆ, ಇಟ್ಟರು.

"ನಾಳೆ ಎಷ್ಟಕ್ಕ ಹೋಗೋದು?"