ಕುಂಕುಮಕ್ಕೆ ಪ್ರವೇಶವಿಲ್ಲದ ಕೋಣೆ

ಸುರಪುರದಿಂದ ಹುಣಸಗಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ರಸ್ತೆ ಪಕ್ಕದ ಹಳೆಯ ಹತ್ತಿ ಗೋದಾಮಿನ ಹಿಂದೆ ನಲ್ಲಿ ಬಿಟ್ಟುಕೊಂಡು ಮೌನೇಶ್ವರಿ ಕೈ ತೊಳೆಯುತ್ತಿದ್ದಾರೆ. ತಲೆಯ ಹೂ ಆಗಲೇ ಕಿಟಕಿಯ ಮೇಲೆ ಕುಳಿತಿದೆ. ಹಸಿರು ಬಳೆಗಳನ್ನು ಮೊಳಕೈಗೆ ಸರಿಸಿ, ಉಗುರಿನ ಸಂದಿಯನ್ನೂ ಬಿಡದೆ ತಿಕ್ಕುತ್ತಾರೆ. ಮೇಲೆ ಬಿಳಿ ಅಂಗಿ, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಹೆರಿಗೆ ಮಾಡಿಸಲು ಹೊರಟ ನರ್ಸಮ್ಮನೇ ಸರಿ. ಒಳಗೆ ಕಾಯುತ್ತಿರುವುದು ಮಾತ್ರ ಬಸುರಿಯಲ್ಲ, ಒಂದೆಲಗ.

ಕಾಲುವೆ ಬದುವಿನಲ್ಲಿ ಹರಡುವ ಸೊಪ್ಪು ತಾನೇ, ಅದಕ್ಕಿಷ್ಟು ಮಡಿಯೇ ಎನ್ನಬೇಡಿ. ಇಲ್ಲಿ ಹೊಲವಿಲ್ಲ, ಬೇರಿಲ್ಲ, ಎಲೆಯೂ ಇಲ್ಲ. ಎಲೆಯ ಒಂದು ಚೂರನ್ನು ಸಕ್ಕರೆ, ಖನಿಜ ಲವಣ ಬೆರೆಸಿದ ಪಾಕದಲ್ಲಿಟ್ಟರೆ ಅದರ ಜೀವಕೋಶಗಳು ಬೆಂದ ರವೆಯ ಹಾಗೆ ಗಂಟುಗಂಟಾಗಿ ಬೆಳೆಯುತ್ತವೆ. ಅವನ್ನು ಗಾಜಿನ ಬಾಟಲಿಗೆ ಹಾಕಿ, ತೊಟ್ಟಿಲಿನಂತೆ ಹಗಲಿರುಳು ತೂಗುವ ಯಂತ್ರದ ಮೇಲೆ ವಾರಗಟ್ಟಲೆ ಬೆಳೆಸುತ್ತಾರೆ. ಬಲಿತ ಮೇಲೆ ಸಾರ ತೆಗೆದು, ಸೋಸಿದ ಬಿಳಿ ಜೇಡಿಮಣ್ಣು ಮತ್ತು ಸತುವಿನ ಪುಡಿಯೊಂದಿಗೆ ಕಲಸಿದರೆ ಮುಖದ ಲೇಪಕ್ಕೆ ಸರಕು ಸಿದ್ಧ. ಈ ಘಟಕ ಕಟ್ಟಿದವರು ಕೆಂಭಾವಿಯ ವ್ಯಾಪಾರಸ್ಥರ ಮನೆಯ ಮಗಳು ಬಸವೇಶ್ವರಿ. ಓದಿದ್ದು ಅವರು, ತೂಗಿ ಬೆಳೆಸುವುದು ಮೌನೇಶ್ವರಿ.

ಮೌನೇಶ್ವರಿಯದು ಕೃಷ್ಣಾ ದಂಡೆಯ ಮೀನುಗಾರ ಮನೆತನ. ಗಂಡ ಅರ್ಜುನ ಹರಿಗೋಲು ಹಾಕಿಕೊಂಡು ನದಿಗಿಳಿದರೆ ಎರಡು ದಿನ ಮನೆಯ ಕಡೆ ಮುಖ ಹಾಕುವುದಿಲ್ಲ. ಮೊದಲು ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದವರು ವರ್ಷ ಕಳೆಯುವುದರೊಳಗೆ ಒಳಕೋಣೆಯ ಕೀಲಿಗೂ ಒಡತಿಯಾದರು. ದಿನಕ್ಕೆ ನೂರರ ಮೇಲೆ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಬೇಕು. ಒಂದರಲ್ಲಿ ಬೂಸಲು, ಅಂದರೆ ಬೂಷ್ಟು, ಕಂಡರೂ ಅದನ್ನು ಕೂಡಲೇ ಹೊರಗೆ ಸಾಗಿಸಬೇಕು. ಆ ಪಾಕ ನಮ್ಮ ಸೊಪ್ಪಿಗೆ ಎಷ್ಟು ರುಚಿಯೋ ಬೂಸಲಿಗೂ ಅಷ್ಟೇ ರುಚಿ. ಉದುರುವ ಪುಡಿ, ಧೂಳಿನ ಜೊತೆಗೇ ಅದು ಒಳಗೆ ಬರುವುದು. ಅದಕ್ಕೇ ಒಳಗೆ ಹೂ ಬೇಡ, ಪೌಡರು ಬೇಡ, ವಿಭೂತಿ ಬೇಡ, ಕುಂಕುಮವೂ ಬೇಡ.

ಇಲ್ಲೇ ಇತ್ತು ನೋಡಿ ತೊಡಕು. ಗಂಡ ನೀರಿನ ಮೇಲಿರುವಾಗ ಮುತ್ತೈದೆ ಬರಿಹಣೆಯಲ್ಲಿರುವುದೇ? ಮನೆಯಲ್ಲಿ ಅತ್ತೆ ಭೀಮವ್ವ ಬೇರೆ, ಸೊಸೆಯ ಹಣೆಯ ಮೇಲೆ ಸದಾ ಕಣ್ಣಿಟ್ಟವರು. ಮೌನೇಶ್ವರಿ ಉಪಾಯ ಮಾಡಿದರು. ಇಲ್ಲಿಗೆ ಬಂದು ಕುಂಕುಮ ಒರೆಸುವುದು, ಸಂಜೆ ಹಚ್ಚಿಕೊಂಡು ಮನೆಗೆ ಹೋಗುವುದು. ಅತ್ತೆಗೆ ಸುಳಿವೇ ಸಿಗಲಿಲ್ಲ.

ಹೋದ ವರ್ಷ ಮಹಾನವಮಿಯ ಖಂಡೆ ಪೂಜೆ ಬಂತು. ಊರೆಲ್ಲ ಕುಡುಗೋಲು, ಟ್ರ್ಯಾಕ್ಟರಿಗೆ ಪೂಜೆ ಮಾಡುವ ದಿನ. ಅಣೆಕಟ್ಟಿನಿಂದ ನದಿಗೆ ನೀರು ಬಿಟ್ಟಿದ್ದರು, ಅರ್ಜುನ ಇನ್ನೂ ದಂಡೆ ಮುಟ್ಟಿರಲಿಲ್ಲ. ಭೀಮವ್ವ ಬೆಳಿಗ್ಗೆ ತಾವೇ ಸೊಸೆಯ ಹಣೆಗೆ ಕಾಸಿನಗಲ ಕುಂಕುಮವಿಟ್ಟು ಕಳಿಸಿದರು. ಅದನ್ನು ಒರೆಸಲು ಮೌನೇಶ್ವರಿಯ ಕೈ ಏಳಲಿಲ್ಲ. ಹಾಗೇ ಒಳಗೆ ಹೋದರು. ಹೋದವರು ಸುಮ್ಮನಿದ್ದರೇ? ಅನ್ನ ಕೊಡುವ ಯಂತ್ರವೆಂದು ಅದಕ್ಕೂ ಮೂರು ಬೆರಳು ವಿಭೂತಿ ಎಳೆದು, ಊದಿನಕಡ್ಡಿ ಹಚ್ಚಿ, ಬಾಗಿಲು ತೆರೆದಿಟ್ಟು ಕೈ ಮುಗಿದರು. ಸಂಜೆಗೆ ಗಂಡನೇನೋ ಸುಖವಾಗಿ ಮನೆ ಸೇರಿದ. ವಾರದೊಳಗೆ ಬಾಟಲಿಗಳೆಲ್ಲ ಬಿಳಿ ಬೂಸಲು ಹೊತ್ತು ಕುಳಿತವು.

“ಮೇಡಂ ಹತ್ರ ನಾನೇ ಹೋಗಿ ಹೇಳೇನ್ರಿ, ‘ಅಕ್ಕೋರ, ಇದು ನನ್ನ ಕೈಲೇ ಆಗೇದ’ ಅಂತ,” ಎನ್ನುತ್ತಾರೆ ಮೌನೇಶ್ವರಿ. “ಮಕ್ಕಳಂಗ ಸಾಕಿದ್ದೆ. ಚರಗಿ ತುಂಬಾ ಅತ್ತೇನಿ.”

ಬಸವೇಶ್ವರಿ ಹೊಟ್ಟೆಗೆ ಹಾಕಿಕೊಂಡರು, ಕೆಲಸದಿಂದ ತೆಗೆಯಲಿಲ್ಲ. ಆದರೆ ಕೀಲಿ ತೆಗೆದುಕೊಂಡರು. ಬರಿಹಣೆಯಲ್ಲಿ ಬರುವುದಾದರೆ ಒಳಗೆ, ಇಲ್ಲವಾದರೆ ಹೊರಗೆ ಬಾಟಲಿ ತೊಳೆಯುವುದು, ನೀನೇ ಆರಿಸಿಕೋ ಎಂದರು. ಅಷ್ಟರಲ್ಲಿ ಸುದ್ದಿ ಮನೆಗೂ ಮುಟ್ಟಿತ್ತು. ಸೊಸೆ ಇಷ್ಟು ದಿನ ಕುಂಕುಮ ಒರೆಸುತ್ತಿದ್ದಳೆಂದು ತಿಳಿದ ಭೀಮವ್ವ ಮಾತು ಬಿಟ್ಟರು. ಮೌನೇಶ್ವರಿ ನಲ್ಲಿಯ ಬುಡವನ್ನೇ ಆರಿಸಿಕೊಂಡರು. ತಾವು ಸಾಕಿದ ಕೋಣೆಯಲ್ಲಿ ಬೇರೆಯವರು ಓಡಾಡುವುದನ್ನು ಗಾಜಿನಾಚೆಯಿಂದ ನೋಡುತ್ತ ತಿಂಗಳುಗಳನ್ನು ನೂಕಿದರು. ಮನೆಗೆ ಬಂದರೆ ಊಟ ಸೇರದು. ಹೊಟ್ಟೆಯುರಿ ಎನ್ನುವುದಾದರೆ ಅನ್ನಿ, ಅವರೂ ಇಲ್ಲವೆನ್ನುವುದಿಲ್ಲ.

ಮಾತು ಬಿಟ್ಟ ಅತ್ತೆ ಕಣ್ಣು ಬಿಟ್ಟಿರಲಿಲ್ಲ. ಸೊಸೆ ಸೊರಗುವುದನ್ನು ನೋಡಿ ನೋಡಿ, ಒಂದು ಸಂತೆಯ ದಿನ ಕೈ ಹಿಡಿದು ಬಸ್ಸು ಹತ್ತಿಸಿದರು. ಇಳಿದದ್ದು ಕೆಂಭಾವಿಯಲ್ಲಿ, ನಿಂತದ್ದು ಸಂತೆಯ ಮೂಲೆಯಲ್ಲಿ ಹಚ್ಚೆ ಹಾಕುವವಳ ಮುಂದೆ. ಭೀಮವ್ವನ ಹುಬ್ಬಿನ ನಡುವೆ ಅವರ ತಾಯಿ ಹಾಕಿಸಿದ ಹಸಿರು ಬೊಟ್ಟಿದೆ, ಅಂಥದ್ದೇ ಒಂದು ಸೊಸೆಗೂ ಹಾಕಿಸಿದರು. ಸೂಜಿ ಆಡುತ್ತಿದ್ದಾಗ, ಎಷ್ಟೋ ತಿಂಗಳ ಮೇಲೆ ಅತ್ತೆಯ ಬಾಯಿಂದ ಮಾತು ಬಂತು: “ಇದನ್ನ ಯಾವ ಮೇಡಂ ಒರಸಂತಾಳ ನೋಡೂಣು.”

ಒರೆಸು ಎನ್ನಲು ಅಲ್ಲಿ ಉದುರುವ ಪುಡಿಯೇ ಇಲ್ಲವಲ್ಲ! ಬಸವೇಶ್ವರಿ ನಕ್ಕರು. ಗಾಯ ಮಾಯ್ದು ಹಕ್ಕಳೆ ಉದುರುವವರೆಗೆ ಕಾಯಿಸಿ, ಕೀಲಿಯನ್ನು ಮೌನೇಶ್ವರಿಯ ಅಂಗೈಗಿಟ್ಟರು. ಈ ಸಲ ಖಂಡೆ ಪೂಜೆ ನಡೆದದ್ದು ಗೇಟಿನ ಹೊರಗೆ, ಖಾಲಿ ಬಾಟಲಿಯೊಂದಕ್ಕೆ. ಪೂಜೆ ಮುಗಿದ ಮೇಲೆ, ಬೂಸಲಿನ ಸುಳಿವೂ ಉಳಿಯದಂತೆ, ಅದನ್ನು ಬಾಟಲಿ ಬೇಯಿಸುವ ಆಳೆತ್ತರದ ಕುಕ್ಕರಿನಲ್ಲಿ ಬೇಯಿಸಲಾಯಿತು.

ಇಂದು ಯಂತ್ರದ ಮೇಲೆ ತೂಗುತ್ತಿರುವ ಬಾಟಲಿಗಳೆಲ್ಲ ಅವರ ಕೈಯವೇ, ಒಂದರಲ್ಲೂ ಬೂಸಲಿಲ್ಲ. ಇವುಗಳ ಸಾರ ಯಾವ ಊರಿನ ಯಾರ ಮುಖ ಸೇರುತ್ತದೋ ಅವರಿಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ಅವರ ಹೆಸರೂ ಇರುವುದಿಲ್ಲ. ಬೇಜಾರಿಲ್ಲವೇ ಎಂದು ಕೇಳಿದರೆ, ಹೋದ ವಾರದ ಸಂಗತಿ ಹೇಳುತ್ತಾರೆ. ಭೀಮವ್ವ ತಾವಾಗಿಯೇ ಗೋದಾಮಿಗೆ ಬಂದಿದ್ದರಂತೆ. ಗಾಜಿನಾಚೆ ಎಲ್ಲರೂ ಒಂದೇ ಬಿಳಿ ಅಂಗಿ, ಟೋಪಿ, ಮಾಸ್ಕಿನಲ್ಲಿ. ಮುದುಕಿ ಹಣೆಗಳನ್ನು ಒಂದೊಂದಾಗಿ ನೋಡುತ್ತ ಬಂದು, ಒಂದರ ಮುಂದೆ ನಿಂತು, ಪಕ್ಕದಲ್ಲಿದ್ದವರಿಗೆಲ್ಲ ಬೆರಳು ಮಾಡಿ ತೋರಿಸಿದರಂತೆ: “ಅಕಿ ನಮ್ಮಾಕಿ.”

ಮೌನೇಶ್ವರಿ ಮಾಸ್ಕು ಸರಿಪಡಿಸಿಕೊಂಡು ಒಳಬಾಗಿಲಿನ ಕೀಲಿ ತಿರುವುತ್ತಾರೆ.

“ನಮ್ಮತ್ತಿ ಬಂದು ನೋಡಿ ಹೋಗ್ಯಾಳ್ರಿ. ಇನ್ನ ಯಾರು ನೋಡ್ಲಿಲ್ಲಂದ್ರೂ ನಡೀತದ.”